ಬೆಟ್ಟದ ಮೇಲಿನ ಹೊಗೆ

ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಒಂದು ಬೆಟ್ಟ ಬಹಳ ಪರಿಚಿತ. ಆ ಬೆಟ್ಟ ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಅದರ ಮೇಲೆ ಹೊಗೆ ಕಾಣುತ್ತದೆ. ಹೊಗೆ ಕಂಡುದರಿಂದ ಅಲ್ಲಿ ಬೆಂಕಿಯಿರಬೇಕೆಂದು ನಾವು ತಿಳಿಯುತ್ತೇವೆ. ಕಣ್ಣಿಗೆ ಕಂಡುದರಿಂದ ಕಾಣದುದನ್ನು ತಿಳಿಯುವ ಈ ಕ್ರಮಕ್ಕೆ ಶಾಸ್ತ್ರಕಾರರು 'ಅನುಮಾನ' ಎಂದು ಹೆಸರಿಟ್ಟರು. ಆದರೆ ನಮ್ಮ ಮನೆಮಾತಿನಲ್ಲಿ ಅನುಮಾನವೆಂದರೆ ಸಂಶಯ, ಶಂಕೆ. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳು ಹೇಗೆ ಬಂದುವೆಂದು ನಾನು ತರಗತಿಯಲ್ಲಿ ಹಲವು ಸಲ ವಿನೋದವಾಗಿ ಹೇಳಿದ್ದುಂಟು. ಆ ಎರಡರ ನಡುವಿನ ಅಂತರವೆಷ್ಟೆಂಬುದು ಮಾತ್ರ ಕಳೆದ ಬೇಸಿಗೆಯ ತನಕ ನನಗೆ ತಿಳಿದಿರಲಿಲ್ಲ. ಆಗ ನಿಜವಾದ ಬೆಟ್ಟವೊಂದರ ಮೇಲೆ ನಿಜವಾದ ಹೊಗೆಯೇ ಎದ್ದಿತು. ಬೆಟ್ಟ ಶಿರಾಡಿ ಘಾಟಿ. ಹೊಗೆ ನಮ್ಮ ಮನೆಯ ಲಾರಿಯದು.

ಲಾರಿಯ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಅದು 1986ರ ಬಂಡಿ; ವಯಸ್ಸಿನಲ್ಲಿ ನನಗಿಂತ ಹಿರಿದು. ತಿಪಟೂರಿನಲ್ಲಿ ತಂದೆಯವರು ಕೊಬ್ಬರಿಯನ್ನೂ ತೆಂಗಿನಕಾಯಿಯನ್ನೂ ಸಾಗಿಸುವ ಕಸುಬಿಗೆ ಇಳಿದಾಗ ಸಾಲ ಮಾಡಿ ಕೊಂಡದ್ದು. ಆರು ಸಿಲಿಂಡರಿನ ಡೀಸೆಲ್ ಇಂಜಿನು. ನನ್ನ ಕಾಲೇಜಿನ ಫೀಸು, ತಂಗಿಯ ಮದುವೆ, ಮನೆಯ ಮೇಲಿನ ಹೆಂಚು, ಎಲ್ಲವೂ ಅದರ ಗಾಲಿಗಳ ಮೇಲೆಯೇ ಉರುಳಿ ಬಂದುವು. ಮನೆಯಲ್ಲಿ ಅದಕ್ಕೆ 'ದೊಡ್ಡವನು' ಎಂದು ಹೆಸರು. "ದೊಡ್ಡವನು ಬಂದನೇ?" ಎಂದು ತಾಯಿಯವರು ಕೇಳಿದರೆ ಅದು ನನ್ನನ್ನು ಕುರಿತದ್ದಲ್ಲವೆಂದು ನಾನು ಬಾಲ್ಯದಲ್ಲಿಯೇ ಅರಿತುಕೊಂಡೆ.

ಈ ದೊಡ್ಡವನನ್ನು ಇಪ್ಪತ್ತೆಂಟು ವರ್ಷಗಳಿಂದ ನಡೆಸುತ್ತಿರುವವರು ಒಬ್ಬರೇ ಡ್ರೈವರು. ನಮಗೆಲ್ಲ ಅವರು ಡ್ರೈವರ್ ಮಾಮ. ಶಾಲೆಯ ರಜೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರಸೀಕೆರೆ, ಹಾಸನ, ಸಕಲೇಶಪುರಗಳ ದಾರಿಯಾಗಿ ಮಂಗಳೂರಿಗೆ ಕರೆದೊಯ್ದು ಸಮುದ್ರವನ್ನು ತೋರಿಸಿದವರು ಅವರೇ.

ಕಳೆದ ಏಪ್ರಿಲಿನಲ್ಲಿ ರಜೆಗೆಂದು ಊರಿಗೆ ಬಂದಾಗ ಮನೆಯಲ್ಲಿ ಏನೋ ಸರಿಯಿಲ್ಲವೆಂದು ನನಗೆ ತೋರಿತು. ಲಾರಿ ಅಂಗಳದ ಹೊಂಗೆಯ ಮರದ ಕೆಳಗೆ ನಿಂತಿತ್ತು. ತಂದೆಯವರು ಮಾತನಾಡುತ್ತಿರಲಿಲ್ಲ. ವ್ಯವಹಾರವನ್ನು ನೋಡಿಕೊಳ್ಳುವ ನನ್ನ ತಮ್ಮನಾದರೋ ಅಗತ್ಯಕ್ಕಿಂತ ಹೆಚ್ಚು ಮಾತನಾಡುತ್ತಿದ್ದ. ಮಂಗಳೂರಿನಿಂದ ಹೊರೆ ಹೇರಿಕೊಂಡು ಬರುವಾಗ ಗುಂಡ್ಯ ದಾಟಿ ಘಾಟಿ ಏರತೊಡಗಿದೊಡನೆಯೇ ಇಂಜಿನು ಕಾಯುತ್ತದೆ. ಮೂರು ಕಡೆ ನಿಲ್ಲಿಸಿ ಆರಿಸಬೇಕಾಗುತ್ತದೆ. ಸುಮ್ಮನೆ ನಿಂತಿರುವಾಗಲೂ ಮೈಯೆಲ್ಲ ನಡುಗುತ್ತದೆ, ಎಳೆಯುವ ಶಕ್ತಿಯಿಲ್ಲ, ಏರಿನಲ್ಲಿ ಕರಿಯ ಹೊಗೆ. ಪೇಟೆಯ ಗ್ಯಾರೇಜಿನವರೊಬ್ಬರು ಮುಚ್ಚಳವನ್ನು ಕೂಡ ಎತ್ತಿ ನೋಡದೆ, "ಇಂಜಿನ್ ಇಳಿಸಿ ಬೋರು ಮಾಡಿಸಬೇಕು, ಒಂದೂವರೆ ಲಕ್ಷವಾದೀತು" ಎಂದಿದ್ದರು. ಅಷ್ಟು ಹಣ ಹಾಕುವುದಕ್ಕಿಂತ ಗುಜರಿಗೆ ಕೊಡುವುದು ಲೇಸೆಂಬ ಯೋಚನೆಗೆ ತಂದೆಯವರು ಬಂದಿದ್ದರು. ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸುವ ತಾಪತ್ರಯವೂ ಸಾಕಾಗಿತ್ತು.

ಆದರೆ ಮನೆಯ ಮೌನಕ್ಕೆ ಕಾರಣ ಇದಲ್ಲ. ತಮ್ಮ ನನ್ನನ್ನು ಒಳಗೆ ಕರೆದು ಡೀಸೆಲ್ ಲೆಕ್ಕದ ಪುಸ್ತಕವನ್ನು ತೆರೆದ. ಮೊದಲು ಲೀಟರಿಗೆ ನಾಲ್ಕೂವರೆ ಕಿಲೋಮೀಟರು ಓಡುತ್ತಿದ್ದ ಲಾರಿ ಈಗ ಮೂರೂವರೆಗೆ ಇಳಿದಿತ್ತು. ಐದು ತಿಂಗಳ ಅಂಕಿಗಳ ಸುತ್ತ ಅವನು ಕೆಂಪು ಶಾಯಿಯಿಂದ ಗುರುತು ಹಾಕಿದ್ದ. "ಉಳಿದ ಡೀಸೆಲ್ಲು ಎಲ್ಲಿಗೆ ಹೋಯಿತು, ಅಣ್ಣ? ಕದ್ದು ಮಾರಿ ಸೀಮೆಣ್ಣೆ ಬೆರೆಸಿದರೆ ಇಂಜಿನು ಕಾಯದೆ ಇರುತ್ತದೆಯೆ?" ಎಂದ. ನಾನು ಏನನ್ನೂ ಹೇಳಲಿಲ್ಲ. ಅಂಕಿಗಳು ಎದುರಿಗೇ ಇದ್ದುವು. ಡ್ರೈವರ್ ಮಾಮನ ಮುಖ ಕಣ್ಣಮುಂದೆ ಬಂದರೂ 'ಹಾಗಿರಲಾರದು' ಎನ್ನುವ ಧೈರ್ಯ ನನಗೆ ಬರಲಿಲ್ಲ. ಆ ಮೌನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಡ್ರೈವರ್ ಮಾಮ ಬಂದರು. ಮಾತು ಅವರ ಕಿವಿಗೂ ಬಿದ್ದಿರಬೇಕು. ಲಾರಿಯ ಬೀಗದ ಕೈಯನ್ನು ತಂದೆಯವರ ಮುಂದಿನ ಮೇಜಿನ ಮೇಲಿಟ್ಟು, "ಯಜಮಾನರೇ, ಬೇರೆಯವರ ಕೈಲಿ ಒಂದು ಸಲ ಓಡಿಸಿ ನೋಡಿ" ಎಂದರು. ಅವರ ಬಲ ಮುಂಗೈಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದರೆ, "ಏನಿಲ್ಲ ಮೇಷ್ಟ್ರೇ, ಆವಿ ಹೊಡೆಯಿತು" ಎಂದಷ್ಟೇ ಹೇಳಿದರು. ಉಳಿದುದನ್ನು ಕ್ಲೀನರ್ ಹುಡುಗನಿಂದ ತಿಳಿದೆ. ಘಾಟಿಯಲ್ಲಿ ನಿಲ್ಲಿಸಿದಾಗ ಹುಡುಗ ಅವಸರದಿಂದ ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಲು ಹೋದನಂತೆ. ಮಾಮ ಅವನನ್ನು ಪಕ್ಕಕ್ಕೆ ತಳ್ಳಿ ಕೈ ಅಡ್ಡ ಹಿಡಿದರಂತೆ. ಹುಡುಗನ ಮುಖ ಉಳಿಯಿತು. ಇವರ ಕೈ ಬೆಂದಿತು.

ಇದನ್ನು ಕೇಳಿದ ತಾಯಿಯವರು ತಂದೆಯವರ ಕಡೆ ತಿರುಗಿ, "ಮನುಷ್ಯನನ್ನು ಬಿಡುವ ಮೊದಲು ಆ ಯಂತ್ರವನ್ನು ತಿಳಿದವರಿಗೆ ಒಮ್ಮೆ ತೋರಿಸಬಾರದೇ?" ಎಂದರು. ಮನೆಯಲ್ಲಿ ಆ ವಾರ ಕೇಳಿದ ಮೊದಲನೆಯ ತರ್ಕಬದ್ಧ ಮಾತು ಅದು.

ಹಾಗೆ ಬಂದವರು ಒಬ್ಬ ಮುದುಕ ಮೇಸ್ತ್ರಿ. ಬಸ್ಸಿನ ಡಿಪೋ ಒಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರು ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಇಂಜಿನಿನ ಹತ್ತಿರ ಕೂಡ ಹೋಗಲಿಲ್ಲ. ಹೊಂಗೆಯ ನೆರಳಿನಲ್ಲಿ ಕುಳಿತು ಡ್ರೈವರ್ ಮಾಮನನ್ನು ಕರೆದು ಪ್ರಶ್ನೆಗಳನ್ನು ಕೇಳತೊಡಗಿದರು. ನಡುಕ ಯಾವಾಗಿನಿಂದ? ಕಾವು ಯಾವಾಗಿನಿಂದ? ನಿಂತಾಗಲೋ, ಓಡುವಾಗಲೋ? ಹೊರೆಯಿದ್ದಾಗಲೋ, ಬರಿಗಾಡಿಯಲ್ಲಿಯೋ? ಈಚೆಗೆ ಏನೇನು ಬದಲಾಯಿತು?

ಮಾಮ ಕೊಟ್ಟ ಉತ್ತರಗಳ ನಿಷ್ಕೃಷ್ಟತೆಗೆ ನಾನು ಬೆರಗಾದೆ. ನಡುಕ ದೀಪಾವಳಿಯಿಂದ, ಬೆಳಗಿನ ಹೊತ್ತು ಶುರುಮಾಡಿದಾಗ ಹೆಚ್ಚು, ಆಗ ಬಿಳಿಯ ಹೊಗೆ. ಕಾವು ಶಿವರಾತ್ರಿಯಿಂದ, ಬಯಲಿನಲ್ಲಿ ಕಡಿಮೆ, ಏರಿನಲ್ಲಿ ಹೆಚ್ಚು. ಬದಲಾದದ್ದು ಒಂದೇ: ಸಂಕ್ರಾಂತಿಯಿಂದೀಚೆಗೆ ವಾರಕ್ಕೆ ನಾಲ್ಕು ದಿನ ತೆಂಗಿನ ನಾರಿನ ಕಾರ್ಖಾನೆಗಳಿಂದ ನಾರಿನ ಹೊರೆ ಸಾಗಿಸುತ್ತಿರುವುದು. ಇಷ್ಟನ್ನೆಲ್ಲ ತಿಳಿದಿದ್ದವರನ್ನು ನಮ್ಮಲ್ಲಿ ಯಾರೂ ಒಂದು ಮಾತು ಕೂಡ ಕೇಳಿರಲಿಲ್ಲ. ಮೇಸ್ತ್ರಿಗಳು ತಲೆದೂಗಿ, "ಯಜಮಾನರೇ, ಇದು ಒಂದು ಕಾಯಿಲೆಯಲ್ಲ, ಎರಡು. ಬೇರೆ ಬೇರೆ ದಿನ ಬಂದವು ಈಗ ಒಟ್ಟಿಗೆ ಕೂತಿವೆ" ಎಂದರು.

ಇಲ್ಲಿ ವಾಚಕರಿಗೆ ಇಂಜಿನಿನ ಧರ್ಮವನ್ನು ಸ್ವಲ್ಪ ಹೇಳಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಇಂಜಿನಿಗೆ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ತಾನೇ ಕೆಂಡದಂತೆ ಕಾಯುತ್ತದೆ. ಆಗ ನಾಜಲಿನಿಂದ ಡೀಸೆಲ್ಲು ಮಂಜಿನಂತೆ ಚಿಮ್ಮಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಹುಟ್ಟಿದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದುದನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಹೊರುವವನು ಸೋತರೂ, ಬಿಡುವ ಬಾಗಿಲು ಮುಚ್ಚಿದರೂ ಇಂಜಿನು ಕಾಯುತ್ತದೆ.

ಘಾಟಿಯ ಮೇಲೆ ಇನ್ನೊಂದು ತೊಡಕುಂಟು. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ; ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಸಕಲೇಶಪುರದಲ್ಲಿ 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಇದನ್ನು ತಡೆಯಲೆಂದೇ ರೇಡಿಯೇಟರಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗನ್ನು ಇಟ್ಟಿರುತ್ತಾರೆ. ಅದು ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಹತ್ತು ಡಿಗ್ರಿಯಷ್ಟಾದರೂ ಮೇಲಕ್ಕೆ ಒಯ್ಯುತ್ತದೆ. ಬಿಸಿ ಇಂಜಿನಿನ ಮುಚ್ಚಳವನ್ನು ತೆರೆದರೆ ಆ ಒತ್ತಡ ಒಮ್ಮೆಗೇ ಬಿಡುಗಡೆಯಾಗಿ ಕುದಿಯುವ ನೀರು ಆವಿಯೊಡನೆ ಮೇಲೆ ನುಗ್ಗುತ್ತದೆ. ಡ್ರೈವರ್ ಮಾಮನ ಕೈ ಬೆಂದದ್ದು ಹೀಗೆ. ಆದುದರಿಂದ ಕೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ ಮುಚ್ಚಳವನ್ನು ತೆರೆಯಲೇ ಬಾರದು. ಕಾದ ಇಂಜಿನಿಗೆ ತಣ್ಣೀರನ್ನು ಒಮ್ಮೆಗೇ ಸುರಿಯಲೂ ಬಾರದು. ಎರಕದ ಕಬ್ಬಿಣ ಸೀಳಿಹೋದೀತು.

ಮೇಸ್ತ್ರಿಗಳ ಪರೀಕ್ಷೆ ಆರಂಭವಾಯಿತು. ಅವರದು ಎರಡೇ ಸೂತ್ರ: ಕಾಸು ಖರ್ಚಾಗದುದನ್ನು ಮೊದಲು ನೋಡು, ಒಂದು ಸಲಕ್ಕೆ ಒಂದನ್ನೇ ಬದಲಿಸು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಆಯಿತೆಂದು ತಿಳಿಯುವುದೇ ಇಲ್ಲವಲ್ಲ!

ಮೊದಲನೆಯದಾಗಿ ಗ್ಯಾರೇಜಿನವರ ತೀರ್ಪನ್ನು ವಿಚಾರಣೆಗೆ ತೆಗೆದುಕೊಂಡರು. ತಣ್ಣಗಿದ್ದ ಇಂಜಿನಿನ ರೇಡಿಯೇಟರಿನ ಮುಚ್ಚಳ ತೆಗೆದು ಶುರುಮಾಡಿಸಿ ನೀರನ್ನೇ ನೋಡುತ್ತ ನಿಂತರು. ಹೆಡ್ ಗ್ಯಾಸ್ಕೆಟು ಹೋಗಿದ್ದರೆ ಸಿಲಿಂಡರಿನ ಅನಿಲ ನೀರಿಗೆ ಸೇರಿ ಗುಳ್ಳೆ ಗುಳ್ಳೆಯಾಗಿ ಏಳಬೇಕು, ಏಳಲಿಲ್ಲ. ಆಯಿಲಿನ ಅಳತೆಯ ಕಡ್ಡಿಯನ್ನು ಎಳೆದರು. ನೀರು ಬೆರೆತಿದ್ದರೆ ಆಯಿಲು ಕದಡಿದ ಮಜ್ಜಿಗೆಯಂತೆ ಬೆಳ್ಳಗಾಗಬೇಕು, ಆಗಿರಲಿಲ್ಲ. ಆಯಿಲು ತುಂಬುವ ಮುಚ್ಚಳವನ್ನು ತೆರೆದು ಅಂಗೈ ಹಿಡಿದರು. ಬೋರು ಸವೆದಿದ್ದರೆ ಅಲ್ಲಿಂದ ಹೊಗೆ ಬುಸುಗುಟ್ಟಬೇಕು; ತೆಳುವಾದ ಉಸಿರಷ್ಟೇ ಇತ್ತು. ಕಡೆಗೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಹೊಗೆಗೆ ಬಣ್ಣವಿದೆ. ನೀಲಿಯಾದರೆ ಆಯಿಲು ಉರಿಯುತ್ತಿದೆ. ಕಪ್ಪಾದರೆ ಡೀಸೆಲ್ಲು ಹೆಚ್ಚು, ಗಾಳಿ ಸಾಲದು. ಬಿಳಿಯಾದರೆ ಡೀಸೆಲ್ಲು ಉರಿಯದೆ ಹಾಗೇ ಹೋಗುತ್ತಿದೆ, ಇಲ್ಲವೆ ನೀರು ಸೇರಿದೆ. ನಿಮ್ಮ ಗಾಡಿಯಲ್ಲಿ ಕಪ್ಪಿದೆ, ಬಿಳಿಯಿದೆ; ನೀಲಿ ಇಲ್ಲ. ಬೋರು ಮಾಡಿಸುವ ಮಾತನ್ನು ಬಿಡಿ" ಎಂದರು. ಹೊಗೆಯಿಂದ ಬೆಂಕಿಯನ್ನು ಮಾತ್ರ ಊಹಿಸಬಲ್ಲ ನನ್ನ ತರ್ಕ ಅವರ ಮುಂದೆ ಒಂದನೆಯ ತರಗತಿಯದಾಗಿ ತೋರಿತು.

ಆಮೇಲೆ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅರ್ಧ ಅಂಗುಲದಷ್ಟು ಬಾಗಿತು, ಅದು ಸರಿ. ಥರ್ಮೋಸ್ಟಾಟನ್ನು ಬಿಚ್ಚಿ, ತಾಯಿಯವರಿಂದ ಒಂದು ಪಾತ್ರೆಯನ್ನು ಬೇಡಿ, ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟರು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರಿಂದ ಹಿಂದೆ ತಂದಿದ್ದ ಉಷ್ಣಮಾಪಕ ಮನೆಯಲ್ಲಿತ್ತು. 80 ಡಿಗ್ರಿಯ ಸುಮಾರಿಗೆ ಆ ಪುಟ್ಟ ಕವಾಟ ಮೆಲ್ಲನೆ ಬಾಯಿ ತೆರೆಯಿತು. ಅದೂ ನಿರಪರಾಧಿ. ತಾಯಿಯವರು ಪಾತ್ರೆಯನ್ನು ಮಾತ್ರ ಅಡಿಗೆಮನೆಗೆ ಮತ್ತೆ ಸೇರಿಸಲಿಲ್ಲ.

ಅನಂತರ ಅವರು ಬ್ಯಾಟರಿಯ ದೀಪವನ್ನು ರೇಡಿಯೇಟರಿನ ಹಿಂದೆ ಹಿಡಿದು ನನ್ನನ್ನು ಮುಂದಿನಿಂದ ನೋಡಲು ಹೇಳಿದರು. ರೆಕ್ಕೆಗಳ ಸಂದಿನಿಂದ ಬೆಳಕು ತೂರಿ ಬರಬೇಕು. ನನಗೆ ಕಂಡದ್ದು ಕತ್ತಲೆ. ಕಡ್ಡಿಯಿಂದ ಕೆರೆದಾಗ ಕಂಬಳಿಯಂತೆ ಕಿತ್ತುಬಂದದ್ದು ತೆಂಗಿನ ನಾರು ಮತ್ತು ನಾರಿನ ಪುಡಿ! ಮೂರು ತಿಂಗಳ ಕಾಲ ನಾರಿನ ಕಾರ್ಖಾನೆಗಳ ಅಂಗಳದಲ್ಲಿ ಫ್ಯಾನು ಎಳೆದ ಗಾಳಿಯಲ್ಲೆಲ್ಲ ಇದು ಬಂದು ಸೇರಿತ್ತು. ನಾರಿನ ಕರಾರನ್ನು ಒಪ್ಪಿಕೊಂಡವನು ನನ್ನ ತಮ್ಮನೇ. ಅವನು ಅಲ್ಲಿಯೇ ನಿಂತಿದ್ದ. ಯಾರೂ ಅವನ ಮುಖವನ್ನು ನೋಡಲಿಲ್ಲ. ನೀರನ್ನು ಇಂಜಿನಿನ ಕಡೆಯಿಂದ ಹೊರಮುಖವಾಗಿ, ರೆಕ್ಕೆಗಳು ಬಾಗದಂತೆ ಸಾವಕಾಶವಾಗಿ ಬಿಟ್ಟು ತೊಳೆಯಲು ಒಂದು ಗಂಟೆ ಹಿಡಿಯಿತು.

ಹೊರೆ ಹೇರಿ ಪರೀಕ್ಷೆಗೆ ಓಡಿಸಿದಾಗ ಕಾವು ಇಳಿದಿತ್ತು; ಪೂರ್ತಿ ಇಳಿದಿರಲಿಲ್ಲ. ಮೇಸ್ತ್ರಿಗಳು ಲಾರಿಯನ್ನು ನಿಲ್ಲಿಸಿ ಡ್ರೈವರ್ ಮಾಮನಿಗೆ ಇಂಜಿನನ್ನು ಜೋರಾಗಿ ಓಡಿಸಲು ಹೇಳಿ ಬಗ್ಗಿ ನೋಡಿದರು. ರೇಡಿಯೇಟರಿನ ತಳದಿಂದ ಪಂಪಿಗೆ ಹೋಗುವ ರಬ್ಬರಿನ ಹೋಸು, ನಿಧಾನದಲ್ಲಿ ದುಂಡಗಿದ್ದುದು, ವೇಗ ಹೆಚ್ಚಿದೊಡನೆ ಎಳನೀರು ಹೀರುವ ಮಗುವಿನ ಕೆನ್ನೆಯಂತೆ ಒಳಕ್ಕೆ ಕುಗ್ಗಿತು. ಪಂಪು ಹೀರುವ ಸೆಳೆತಕ್ಕೆ ಅದು ಕುಗ್ಗದಿರಲೆಂದು ಒಳಗೆ ತಂತಿಯ ಸುರುಳಿಯಿರುತ್ತದೆ. ಅದು ತುಕ್ಕು ಹಿಡಿದು ಎಂದೋ ಕರಗಿಹೋಗಿತ್ತು. ನೀರು ಹೆಚ್ಚಾಗಿ ಬೇಕಾದ ಹೊತ್ತಿನಲ್ಲಿಯೇ ದಾರಿ ಮುಚ್ಚುತ್ತಿತ್ತು. ಹೊಸ ಹೋಸು ಬಂದಿತು. ಸಡಿಲಾದ ಹಳೆಯ ಮುಚ್ಚಳದ ಬದಲು ಹೊಸ ಮುಚ್ಚಳವೂ ಬಂದಿತು. ಕಾವಿನ ಕಥೆ ಮುಗಿಯಿತು.

ಉಳಿದದ್ದು ನಡುಕ. ಇಂಜಿನು ನಿಧಾನವಾಗಿ ಓಡುತ್ತಿರುವಾಗ ಮೇಸ್ತ್ರಿಗಳು ಕೈಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡು, ಒಂದೊಂದೇ ನಾಜಲಿಗೆ ಡೀಸೆಲ್ಲು ತರುವ ಕೊಳವೆಯ ನಟ್ಟನ್ನು ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದರು. ಆ ಡೀಸೆಲ್ಲಿನ ಒತ್ತಡ ಚರ್ಮವನ್ನೇ ತೂರಬಲ್ಲುದಾದ್ದರಿಂದ ಬರಿಗೈ ಒಡ್ಡಬಾರದೆಂದು ನನ್ನನ್ನು ದೂರ ನಿಲ್ಲಿಸಿದರು. ಮೊದಲನೆಯದನ್ನು ಸಡಿಲಿಸಿದಾಗ ಇಂಜಿನು ಮುಗ್ಗರಿಸಿತು: ಆ ಸಿಲಿಂಡರು ಕೆಲಸ ಮಾಡುತ್ತಿದೆಯೆಂದು ಅರ್ಥ. ಎರಡನೆಯದು, ಮೂರನೆಯದು, ಹಾಗೆಯೇ. ನಾಲ್ಕನೆಯದನ್ನು ಸಡಿಲಿಸಿದಾಗ ಇಂಜಿನಿನ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಮನೆಯಲ್ಲಿ ಒಬ್ಬ ಇಲ್ಲದಿದ್ದರೂ ಕೆಲಸ ನಡೆಯುತ್ತದೆಂದರೆ ಅವನು ಕೆಲಸ ಮಾಡುತ್ತಿರಲಿಲ್ಲವೆಂದೇ ಅರ್ಥವಲ್ಲವೆ?

ಆ ನಾಜಲನ್ನು ಬಿಚ್ಚಿ ಪೇಟೆಯ ಪಂಪಿನ ಅಂಗಡಿಯಲ್ಲಿ ಪರೀಕ್ಷಿಸಿದಾಗ, ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ಲು ಕೆಟ್ಟ ನಲ್ಲಿಯಂತೆ ತೊಟ್ಟಿಕ್ಕಿತು. ತೊಟ್ಟಿಕ್ಕಿದ ಡೀಸೆಲ್ಲು ಸರಿಯಾಗಿ ಉರಿಯಲಾರದು. ಬೆಳಿಗ್ಗೆ ಬಿಳಿಯ ಹೊಗೆಯಾಗಿ, ಹೊರೆಯ ಕೆಳಗೆ ಕರಿಯ ಹೊಗೆಯಾಗಿ ಹೊರಗೆ ಹೋಗುತ್ತದೆ. ಆರು ಜನ ಎಳೆಯುವುದನ್ನು ಐವರು ಎಳೆಯಬೇಕಾಗುತ್ತದೆ. ಡ್ರೈವರು ಕೆಳಗಿನ ಗೇರಿಗೆ ಇಳಿದು ಹೆಚ್ಚು ಡೀಸೆಲ್ಲು ಕೊಡಬೇಕಾಗುತ್ತದೆ. ಬಂಡಿ ನಿಧಾನ, ಮುಂದಿನಿಂದ ಬರುವ ಗಾಳಿ ಕಡಿಮೆ, ಶಾಖ ಹೆಚ್ಚು. ಹೀಗೆ ಒಂದು ಕಾಯಿಲೆ ಇನ್ನೊಂದಕ್ಕೆ ಅನ್ನ ಹಾಕುತ್ತಿತ್ತು. ಮಾಯವಾದ ಡೀಸೆಲ್ಲು ಯಾರ ಮನೆಗೂ ಹೋಗಿರಲಿಲ್ಲ. ಶಿರಾಡಿ ಘಾಟಿಯ ಆಕಾಶಕ್ಕೆ ಹೋಗಿತ್ತು.

ಹೊಸ ನಾಜಲು, ಅದರ ಕೆಳಗಿನ ತಾಮ್ರದ ವಾಷರು, ಹೋಸು, ಮುಚ್ಚಳ, ಮೇಸ್ತ್ರಿಗಳ ಕೂಲಿ ಎಲ್ಲ ಸೇರಿ ಏಳು ಸಾವಿರ ರೂಪಾಯಿಯನ್ನು ದಾಟಲಿಲ್ಲ. ಇಂಜಿನು ಮತ್ತೆ ಹಳೆಯ ಶ್ರುತಿಗೆ ಬಂದಿತು. ತಂದೆಯವರು ಮೇಜಿನ ಮೇಲಿದ್ದ ಬೀಗದ ಕೈಯನ್ನು ತಾವೇ ತೆಗೆದುಕೊಂಡು ಹೋಗಿ ಡ್ರೈವರ್ ಮಾಮನ ಎಡಗೈಗೆ ಕೊಟ್ಟರು; ಬಲಗೈ ಇನ್ನೂ ಮಾಗಿರಲಿಲ್ಲ. ಇಬ್ಬರೂ ಏನನ್ನೂ ಮಾತನಾಡಲಿಲ್ಲ. ಮಾಮನಿಗೆ ನಾನು ಹೇಳಬೇಕಾದದ್ದು ಇತ್ತು. ಆ ಸಂಜೆ ಅವರ ಮನೆಯ ತನಕ ಹೋಗಿ, "ಮಾಮ, ನಾನೂ ಸುಮ್ಮನಿದ್ದೆ, ಅದು ತಪ್ಪು" ಎಂದೆ. ಅವರು ನಕ್ಕು, "ಚಹಾ ಕುಡಿದು ಹೋಗಿ ಮೇಷ್ಟ್ರೇ" ಎಂದರು. ಅದು ಕ್ಷಮೆಯೋ ಉಪಚಾರವೋ ನನಗೆ ತಿಳಿಯಲಿಲ್ಲ. ಚಹಾ ಕುಡಿದು ಬಂದೆ.

ಶಂಕೆಗೂ ಊಹೆಗೂ ಅಂತರವಿಷ್ಟೇ. ಶಂಕೆಗೆ ಮನುಷ್ಯನೊಬ್ಬ ಸಾಕು. ಊಹೆಗೆ ಕ್ರಮ ಬೇಕು, ತಾಳ್ಮೆ ಬೇಕು, ಬಲ್ಲವನನ್ನು ಕೇಳುವ ವಿನಯ ಬೇಕು. ಕೊನೆಗೆ ಒಪ್ಪಿಕೊಳ್ಳುವ ಮನಸ್ಸೂ ಬೇಕು. ನನ್ನ ತಮ್ಮ ಬಾಯಿಬಿಟ್ಟು ಏನನ್ನೂ ಹೇಳುವವನಲ್ಲ. ಆದರೆ ಜೂನಿನಲ್ಲಿ ಕಾಲೇಜಿಗೆ ಹೊರಡುವ ಮುನ್ನ ಡೀಸೆಲ್ ಲೆಕ್ಕದ ಪುಸ್ತಕವನ್ನು ನಾನು ತಿರುವಿ ನೋಡಿದೆ. ಮೇ ತಿಂಗಳ ಅಂಕಿ ಮತ್ತೆ ನಾಲ್ಕರ ಮೇಲೆ ಏರಿತ್ತು. ಹಿಂದಿನ ಐದು ತಿಂಗಳ ಕೆಂಪು ಗುರುತುಗಳು ಹಾಗೆಯೇ ಇದ್ದುವು; ಪ್ರತಿಯೊಂದರ ಪಕ್ಕದಲ್ಲಿಯೂ ಅವನೇ ನೀಲಿ ಶಾಯಿಯಲ್ಲಿ ಸಣ್ಣದಾಗಿ ಬರೆದಿದ್ದ: 'ನಾಲ್ಕನೆಯ ನಾಜಲು.'